ಸುಣ್ಣ ಬೆಲ್ಲದ ಪಟ್ಟು

ಬೆಳಿಗ್ಗೆ ಐದು ಐವತ್ತು. ಬಚ್ಚಲುಮನೆಯ ಬಾಗಿಲು ತಟ್ಟಿ ಅಮ್ಮ ಕೂಗುತ್ತಿದ್ದಳು: “ಐದೂ ಐವತ್ತಾಯ್ತು ಕಣೇ! ಇನ್ನೇನು ಕ್ಯಾಬ್ ಬರುತ್ತೆ. ಹಂಡೆ ನೀರೆಲ್ಲ ನೀನೇ ಸುರ್ಕೊಂಡ್ರೆ ನಿಮ್ಮಪ್ಪ ತಣ್ಣೀರು ಹುಯ್ಕೊಳಾದಾ?” ನನ್ನ ಬಲಗೈ ಎಡ ಮೊಲೆಯ ಮೇಲ್ಭಾಗದಲ್ಲಿ, ಕಂಕುಳಿಗೆ ಹತ್ತಿರ, ಸೋಪಿನ ನೊರೆಯೊಳಗೆ ನಿಂತುಹೋಗಿತ್ತು. ಗಂಟೆ ಇಷ್ಟು ಸರಿಯಾಗಿ ನೆನಪಿರುವುದು ಅಮ್ಮನ ಆ ಕೂಗಿನಿಂದ.

ಅದು ಅವರೆಕಾಳಿನಷ್ಟಿತ್ತು. ನೆನೆಹಾಕಿದ ಕಾಳನ್ನು ಎರಡು ಬೆರಳ ನಡುವೆ ಒತ್ತಿದರೆ ಬೇಳೆ ಸಿಪ್ಪೆಯೊಳಗೇ ಅತ್ತಿತ್ತ ಜಾರುತ್ತದಲ್ಲ, ಹಾಗೆ ಬೆರಳಿನಡಿ ಜಾರಿತು. ಅವರೆಯ ಕಾಲ ಅದು. ಹಿಂದಿನ ಸಂಜೆಯಷ್ಟೇ ಅಮ್ಮ, ಅಜ್ಜಿ, ನಾನು ಪಡಸಾಲೆಯಲ್ಲಿ ಕೂತು ಒಂದು ಪಾತ್ರೆ ಅವರೆ ಹಿತುಕಿದ್ದೆವು. ಆ ಸ್ಪರ್ಶ ಬೆರಳಿಗೆ ಇನ್ನೂ ಹೊಸದಾಗಿತ್ತು. ಆದರೆ ಹಿತುಕಿದರೆ ಕಾಳು ಸಿಪ್ಪೆ ಬಿಟ್ಟು ಹೊರಗೆ ಚಿಮ್ಮುತ್ತದೆ. ಇದು ಜಾರಿ ಮತ್ತೆ ಅದೇ ಜಾಗಕ್ಕೆ ಬಂದು ಕೂತಿತು.

ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾಗಿ ಎರಡನೇ ಚಳಿಗಾಲ. ನಮ್ಮೂರಿನ ದ್ರಾಕ್ಷಿ ತೋಟಗಳಿದ್ದ ಕಡೆ ಉದ್ದುದ್ದ ತಗಡಿನ ಗೋದಾಮುಗಳು ಎದ್ದಿದ್ದವು. ಬಿ.ಕಾಂ. ಮುಗಿಸಿದ್ದ ನನಗೆ ಅಂಥದ್ದೊಂದರಲ್ಲಿ, ಹೊರದೇಶಕ್ಕೆ ಹೋಗುವ ಹೂವು ತರಕಾರಿ ಪೆಟ್ಟಿಗೆಗಳ ಕಾಗದಪತ್ರ ನೋಡುವ ಕೆಲಸ. ದಾರಿಯುದ್ದಕ್ಕೂ ಬಾಯಿ ಮುಚ್ಚದವಳು ಅಂದು ಸುಮ್ಮನೆ ಕೂತಿದ್ದನ್ನು ಕಂಡು ಕ್ಯಾಬಿನ ಡ್ರೈವರ್ ಕನ್ನಡಿಯಲ್ಲಿ ನೋಡಿದ.

“ಏನ್ ಮೇಡಮ್, ಇವತ್ತು ಮೌನವ್ರತಾನಾ? ವೈಕುಂಠ ಏಕಾದಶಿ ಮುಗ್ದೋಯ್ತಲ್ಲ.”

ನಕ್ಕೆ ಎಂದುಕೊಂಡಿದ್ದೇನೆ. ಇಡೀ ದಿನ ಶೌಚಾಲಯಕ್ಕೆ ಹೋಗಿ ಹೋಗಿ ಮುಟ್ಟಿ ನೋಡಿಕೊಂಡೆ. ಇದೆಯಾ ಎಂದು ನೋಡಿದ್ದಲ್ಲ, ಹೋಗಿದೆಯಾ ಎಂದು. ಹೊರಗೆ ವಿಮಾನ ಇಳಿದಾಗ ಬಾಗಿಲಿನ ಚಿಲಕ ನಡುಗುತ್ತಿತ್ತು. ಇವತ್ತಿಗೂ ವಿಮಾನದ ಸದ್ದು ಹತ್ತಿರವಾದರೆ ನನ್ನ ಬಲಗೈ ತಾನಾಗಿ ಎಡಗಡೆಗೆ ಹೋಗುತ್ತದೆ.

ಸಂಜೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದೆ. ಹೇಳಲು ಪದವೇ ಇರಲಿಲ್ಲ. ನಮ್ಮ ಮನೆಯಲ್ಲಿ ಕುತ್ತಿಗೆಯಿಂದ ಹೊಟ್ಟೆಯವರೆಗಿನದ್ದೆಲ್ಲ ಬರೀ ‘ಎದೆ’. “ಅಮ್ಮ, ಎದೇಲಿ ಒಂದು ಗಂಟಿದೆ” ಎಂದೆ. ಅಮ್ಮ ಒಲೆಯ ಮುಂದಿನಿಂದ ಎದ್ದು, ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಾಗಿಲು ಮುಂದಕ್ಕೆಳೆದು ಮುಟ್ಟಿ ನೋಡಿದಳು. ಅವಳ ಕೈ ಒಲೆಯ ಬಿಸಿಗೆ ಕಾದಿತ್ತು.

“ನೋವಿದ್ಯಾ?”

“ಇಲ್ಲ.”

“ನೋವಿಲ್ದಿದ್ರೆ ಏನೂ ಅಲ್ಲ ಬಿಡು. ಕುರು ಏಳೋಕ್ ಮುಂಚೆ ಹಿಂಗೇ ಗಟ್ಟಿಗಿರುತ್ತೆ. ಹಣ್ಣಾಗಿ ಒಡೆದ್ರೆ ಸರಿಹೋಗುತ್ತೆ.”

“ಡಾಕ್ಟ್ರಿಗೆ ತೋರ್ಸಿದ್ರೆ?”

“ಮೊದ್ಲು ಪಟ್ಟು ಹಾಕಿ ನೋಡಣ. ಹೊಸಕೋಟೆ ಗಂಡಿನ ಕಡೆಯೋರು ಸಂಕ್ರಾಂತಿ ಕಳೀಲಿ ಬಂದು ನೋಡ್ಕೊಂಡೋಗ್ತೀವಿ ಅಂದವ್ರೆ. ಈಗ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಊರೆಲ್ಲ ಗೊತ್ತಾಯ್ತದೆ. ನಿಮ್ಮಪ್ಪಂಗೆ ಹೇಳ್ಬೇಡ. ಅಜ್ಜಿಗಂತೂ ಬೇಡವೇ ಬೇಡ.”

ಅಜ್ಜಿಗೆ ಯಾಕೆ ಬೇಡ ಎಂದು ನಾನು ಕೇಳಲಿಲ್ಲ. ಕುರುವಿಗೆ ಪಟ್ಟು ಹಾಕುವುದರಲ್ಲಿ ಅಜ್ಜಿಯದು ಒಂದು ಕಾಲಕ್ಕೆ ಸುತ್ತಲಿನ ಊರುಗಳಲ್ಲೆಲ್ಲ ಹೆಸರಾದ ಕೈ. ಸುಣ್ಣ ಮತ್ತು ಬೆಲ್ಲವನ್ನು ಅಂಗೈಯಲ್ಲಿ ಹಾಕಿ ಅಂಟಾಗುವವರೆಗೆ ಕಲಸಿ, ವೀಳ್ಯದೆಲೆಗೆ ಬಳಿದು ಕುರುವಿನ ಮೇಲೆ ಅಂಟಿಸುವುದು, ಅಷ್ಟೇ ಮದ್ದು. ಆದರೆ ನನಗೆ ಬುದ್ಧಿ ಬರುವ ಹೊತ್ತಿಗೆ ಅಜ್ಜಿ ಅದನ್ನು ಬಿಟ್ಟಿದ್ದಳು. ಯಾರಾದರೂ ಬಂದು ಬಾಗಿಲಲ್ಲಿ ನಿಂತರೆ “ನನ್ನ ಕೈ ಬಿದ್ದೋಯ್ತು ಕಣಪ್ಪಾ, ಡಾಕ್ಟ್ರತ್ರ ಹೋಗು” ಎಂದು ಕಳಿಸುತ್ತಿದ್ದಳು. ವಯಸ್ಸಾಯಿತು, ಕಣ್ಣು ಕಾಣುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಅದೇ ಕಣ್ಣಿಗೆ ಅಕ್ಕಿಯೊಳಗಿನ ಕಲ್ಲು ಮಾತ್ರ ಚೆನ್ನಾಗಿ ಕಾಣುತ್ತಿತ್ತು.

ಸೊಸೆಯಾಗಿ ಬಂದ ಹೊಸದರಲ್ಲಿ ಅಮ್ಮ ಆ ಮದ್ದನ್ನು ಅಜ್ಜಿಯಿಂದಲೇ ನೋಡಿ ಕಲಿತಿದ್ದಳು. ಅಜ್ಜಿಯ ಎಲೆ ಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆಲ್ಲ ಕಲಸಿದ ಬೆರಳಿನಲ್ಲೇ ಮತ್ತೊಂದಿಷ್ಟು ಸುಣ್ಣ ತೋಡಿಕೊಂಡಳು. ಎಲೆ ಮೈಗೆ ತಾಗಿದಾಗ ತಣ್ಣಗಿತ್ತು. ಆಮೇಲೆ ಉರಿ ಶುರುವಾಯಿತು. “ಉರೀತಿದ್ರೆ ಕೆಲ್ಸ ಮಾಡ್ತಾ ಐತೆ ಅಂತ” ಎಂದಳು ಅಮ್ಮ. ನನಗೂ ಅದು ಕುರುವೇ ಆಗಿರಬೇಕಿತ್ತು. ಮಾರನೆಯ ದಿನವೂ ಹಾಕಿದಳು, ಅದರ ಮಾರನೆಯ ದಿನವೂ. ಚರ್ಮ ಕೆಂಪಗಾಗಿ, ಗುಳ್ಳೆಯೆದ್ದು, ಒಣಗಿದ ಕಡೆ ಸುಕ್ಕುಗಟ್ಟಿ ಒಳಕ್ಕೆ ಎಳೆದುಕೊಂಡಂತೆ ಕಾಣತೊಡಗಿತು. ಗಂಟು ಹಣ್ಣಾಗಲಿಲ್ಲ. ಬದಲಿಗೆ ಕಂಕುಳಲ್ಲಿ ಇನ್ನೊಂದು ಗಂಟು ಕೈಗೆ ಸಿಕ್ಕಿತು. ಇದು ನೋಯುತ್ತಿತ್ತು.

ಭಾನುವಾರ ಬೆಳಿಗ್ಗೆ ಅಜ್ಜಿ ಹಿತ್ತಲಿನ ಚಕ್ಕೋತದ ಮರದ ಪಕ್ಕ ಬಿಸಿಲಿಗೆ ಕೂತು ಎಲೆ ಅಡಿಕೆ ಚೀಲ ಬಿಚ್ಚಿದಳು. ಸುಣ್ಣದ ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಹಿಡಿದುಕೊಂಡಳು. ಡಬ್ಬಿಯ ಅಂಚಿನ ತುಂಬ ಕೆಂಪಿರುವೆ.

“ಸುಣ್ಣಕ್ಕೆ ಇರುವೆ ಮುತ್ಕೊಂಡವೆ ಅಂದ್ರೆ ಯಾರೋ ಬೆಲ್ಲದ ಕೈ ಇಕ್ಕವ್ರೆ. ಯಾರ್ಗೆ ಕುರು ಆಗಿರಾದು?”

ಪಾತ್ರೆ ಉಜ್ಜುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ. “ಯಾರ್ಗೂ ಇಲ್ಲ ಅತ್ತೆಮ್ಮ. ಕಾಫಿಗೆ ಬೆಲ್ಲ ಹಾಕ್ವಾಗ ತಗುಲಿರ್ಬೇಕು.”

“ಕಾಫಿಗೆ ಸುಣ್ಣಾನೂ ಹಾಕೀಯೇನೇ?”

ಬೇರೆ ದಿನವಾಗಿದ್ದರೆ ನಾವು ಮೂವರೂ ನಗುತ್ತಿದ್ದೆವು. ಅಜ್ಜಿ ನನ್ನ ಕಡೆ ತಿರುಗಿದಳು. “ನೀನ್ಯಾಕೇ ರೆಕ್ಕೆ ಮುರಿದ ಕೋಳಿ ಹಂಗೆ ತೋಳು ದೂರ ಮಡಿಕ್ಕೊಂಡಿದ್ದೀಯಾ? ಬಾ ಇಲ್ಲಿ.”

ಬಚ್ಚಲುಮನೆಗೆ ಕರೆದುಕೊಂಡು ಹೋಗಿ ರವಿಕೆಯ ಗುಂಡಿ ತಾನೇ ಬಿಚ್ಚಿದಳು. ನೋಡಿದಳು. ಬೆರಳ ತುದಿಯನ್ನು ಆ ಜಾಗದ ಹತ್ತಿರ ತಂದು, ಮುಟ್ಟದೆ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

“ಅವಳ್ಗೂ ಇಲ್ಲೇ” ಎಂದಳು.

ಅವಳು ಎಂದರೆ ನನ್ನ ಸೋದರತ್ತೆ, ಅಜ್ಜಿಯ ಒಬ್ಬಳೇ ಮಗಳು. ನಾನು ಶಾಲೆಗೆ ಸೇರುವ ಮುಂಚೆ ತೀರಿಕೊಂಡವಳು. ಕುರು ಒಡೆದು ನಂಜಾಗಿ ಸತ್ತಳು ಎಂದು ನಮಗೆ ಹೇಳಿದ್ದರು. ಅವಳ ಬಗ್ಗೆ ನನ್ನ ಪಾಲಿಗಿದ್ದ ನೆನಪು ಎರಡೇ: ಒಳಕೋಣೆಯ ಬಾಗಿಲಿಗೆ ಕಟ್ಟಿದ ಹಳೆಯ ಸೀರೆ, ಅದರಾಚೆಯಿಂದ ಬರುತ್ತಿದ್ದ ಒಂದು ವಾಸನೆ. ಬೇವಿನ ಸೊಪ್ಪಿನ ಹೊಗೆ ಹಾಕಿದರೂ ಹೋಗದ ವಾಸನೆ.

“ದೊಡ್ಡಬಳ್ಳಾಪುರದಿಂದ ಗಂಡ ತಂದು ಬಿಟ್ಟೋದ. ನಿಮ್ಮನೇಲೇ ವಾಸಿ ಮಾಡ್ಕೊಳ್ಳಿ ಅಂತ. ಇಷ್ಟೇ ಇತ್ತು, ಕಾಳಷ್ಟು. ನಾ ಹಾಕ್ದೆ ಕಣವ್ವ. ಈ ಕೈನಾಗೆ ಹಾಕ್ದೆ. ಉರೀತದೆ ಕಣವ್ವೋ ಅಂತ ಅಳೋಳು, ತಡ್ಕೊ ಹಣ್ಣಾಯ್ತದೆ ಅನ್ನೋಳು ನಾನು. ಊರ್ನೋರ್ಗೆಲ್ಲ ವಾಸಿ ಮಾಡಿವ್ನಿ, ನನ್ ಮಗಳ್ಗೆ ಆಗಲ್ವಾ ಅಂತ. ಬೇಸ್ಗೆ ಕಳೀತು, ಮಳೆಗಾಲ ಕಳೀತು. ಹಣ್ಣಾಗ್ಲೇ ಇಲ್ಲ. ಒಡೀತು ಅಷ್ಟೇ.”

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಜ್ಜಿ ಅವಳನ್ನು ನೋಡಿ ಕೇಳಿದಳು: “ನೀನು ಅವಳ ಗಾಯದ ಬಟ್ಟೆ ಒಗೆದೋಳಲ್ವೇನೇ? ನಿಂಗೂ ತಿಳೀಲಿಲ್ವಾ?”

ಅಮ್ಮ ಮುಖಕ್ಕೆ ಸೆರಗು ಒತ್ತಿಕೊಂಡಳು. ಅವಳಿಗೆ ತಿಳಿದಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಕುರು ಎಂದು ಇಷ್ಟು ವರ್ಷ ಹೇಳಿ ಹೇಳಿ ಅದನ್ನೇ ನಂಬಿದ್ದಳೋ ಏನೋ. ಅಜ್ಜಿ ಎದ್ದು ಹೋಗಿ ಸುಣ್ಣದ ಡಬ್ಬಿಯನ್ನು ಇರುವೆಯ ಸಮೇತ ಕಾಂಪೌಂಡಿನಾಚೆ ಎಸೆದಳು. ಸುಣ್ಣವಿಲ್ಲದೆ ಎಲೆ ಅಡಿಕೆ ಕೆಂಪಾಗುವುದಿಲ್ಲ. ಅಂದಿನಿಂದ ಅಜ್ಜಿಯ ಬಾಯಿ ಕೆಂಪಾಗಲೇ ಇಲ್ಲ.

ಸೋಮವಾರ ದೇವನಹಳ್ಳಿಯ ಲೇಡಿ ಡಾಕ್ಟರ ಬಳಿಗೆ ಮೂವರೂ ಹೋದೆವು. ಅಜ್ಜಿ ಬರುವುದು ಬೇಡ ಎಂದು ಅಮ್ಮ ಎಷ್ಟು ಹೇಳಿದರೂ ಕೇಳದೆ ಚಪ್ಪಲಿ ಮೆಟ್ಟಿ ಬಸ್‌ಸ್ಟಾಪಿನಲ್ಲಿ ಮೊದಲು ಹೋಗಿ ನಿಂತಿದ್ದಳು. ಪರದೆಯ ಹಿಂದೆ ಡಾಕ್ಟರು ನನ್ನನ್ನು ಮಲಗಿಸಿ ನೋಡಿದರು. ಕಂಕುಳಲ್ಲಿ ಬೆರಳಿಟ್ಟು ಬಹಳ ಹೊತ್ತು ಒತ್ತಿದರು. ಎಷ್ಟು ದಿನದಿಂದ ಚರ್ಮ ಹೀಗಿದೆ, ಮೇಲೆ ಏನಾದರೂ ಹಚ್ಚಿದ್ದೀರಾ ಎಂದರು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ಹೇಳಿದಳು:

“ಏನೂ ಹಚ್ಚಿಲ್ಲ ಮೇಡಮ್. ತಾನಾಗೇ ಹಿಂಗಾಯ್ತು.”

“ಮನೇಲಿ ಯಾರಿಗಾದ್ರೂ ಎದೆಯ ಕ್ಯಾನ್ಸರ್ ಇತ್ತಾ? ತಾಯಿ ಕಡೆ, ತಂದೆ ಕಡೆ?”

“ಅಯ್ಯೋ, ನಮ್ಮಲ್ಲಿ ಅಂಥದ್ದೆಲ್ಲ ಯಾರ್ಗೂ ಇಲ್ಲ.”

ಅಮ್ಮನನ್ನು ನಾನು ದೂರುವುದಿಲ್ಲ. ಬೈಗುಳಕ್ಕೆ ಹೆದರಿ ಒಂದು ಸುಳ್ಳು, ಮಗಳ ಮದುವೆಗೆ ಹೆದರಿ ಇನ್ನೊಂದು. ಆದರೆ ಆ ಎರಡು ಮಾತನ್ನು ನಂಬಿ ಡಾಕ್ಟರು ಬರೆಯತೊಡಗಿದಾಗ, ಇದು ಕೆಟ್ಟ ಗಂಟೇ ಎಂದುಕೊಂಡ ಅವರ ಮುಖ ನನಗೆ ಕಾಣುತ್ತಿತ್ತು. ಅಷ್ಟರಲ್ಲಿ ಪರದೆಯಾಚೆಯ ಬೆಂಚಿನಿಂದ ಅಜ್ಜಿಯ ದನಿ ಬಂತು.

“ಐತೆ ಕಣವ್ವ. ನನ್ ಮಗಳ್ಗಿತ್ತು. ಅದ್ರಲ್ಲೇ ಹೋದ್ಲು. ಇವಳ್ಗೆ ಸುಣ್ಣ ಬೆಲ್ಲ ಹಾಕವ್ರೆ. ಬರ್ಕೊ.”

ಡಾಕ್ಟರು ಪೆನ್ನು ಕೆಳಗಿಟ್ಟು ಪರದೆ ಸರಿಸಿ ಅಜ್ಜಿಯನ್ನು ನೋಡಿದರು. ಬೈಯಲಿಲ್ಲ. ಸುಣ್ಣ ಸುಟ್ಟರೂ ಚರ್ಮ ಹೀಗಾಗಬಹುದು, ಸುಟ್ಟದ್ದಕ್ಕೆ ಕಂಕುಳಲ್ಲಿ ಗಂಟು ಬರಬಹುದು, ಆ ಕಾಯಿಲೆಯಲ್ಲೂ ಎರಡೂ ಹೀಗೇ ಇರುತ್ತವೆ. ಯಾವುದು ಎಂದು ನನಗೀಗ ಕಣ್ಣಲ್ಲಿ ನೋಡಿ ಹೇಳಲಾಗುವುದಿಲ್ಲ ಎಂದರು. ಸುಟ್ಟಗಾಯಕ್ಕೆ ಮುಲಾಮು ಕೊಟ್ಟು, ಸ್ಕ್ಯಾನಿಂಗಿಗೂ ಸೂಜಿ ಪರೀಕ್ಷೆಗೂ ಬೆಂಗಳೂರಿನ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. “ಹೋಗೋದು ನಾಳೆ. ಹಬ್ಬ ಕಳೀಲಿ ಅನ್ಬೇಡಿ” ಎಂದರು. ಹಬ್ಬದ ಮಾತು ಅವರಿಗೆ ಹೇಗೆ ಗೊತ್ತಾಯಿತೋ. ನಮ್ಮಂಥವರನ್ನು ದಿನವೂ ನೋಡುತ್ತಿದ್ದರೇನೋ.

ಅಪ್ಪನಿಗೆ ಅಂದು ಹೇಳಲೇಬೇಕಾಯಿತು. ಅವನು ಕೇಳಿಸಿಕೊಂಡು ಹಿತ್ತಲಿಗೆ ಹೋದ. ಮರುದಿನ ಬೆಂಗಳೂರಿನ ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ತಾನು ಪಕ್ಕದಲ್ಲಿ ಕೂತ. ಯಲಹಂಕ ದಾಟಿದ ಮೇಲೆ ಎದುರು ಸೀಟಿನ ಕಂಬಿ ನೋಡುತ್ತಾ ಹೇಳಿದ:

“ಅವಳ್ನೂ ಇದೇ ದಾರೀಲಿ ಕರ್ಕೊಂಡೋಗಿದ್ದೆ ಕಣಮ್ಮ. ಕೊನೇಗೆ. ಆಗ ಬಸ್ಸು ಕಮ್ಮಿ. ಬರ್ತಾ ಸೀಟ್ ಸಿಗ್ಲಿಲ್ಲ, ನಿಂತ್ಕೊಂಡೇ ಬಂದ್ಲು. ಯಾರೂ ಏಳ್ಲಿಲ್ಲ. ಅವಳು ಸೆರಗು ಹೊದ್ಕೊಂಡಿದ್ಲಲ್ಲ, ಯಾರ್ಗೆ ಗೊತ್ತಾಗ್ಬೇಕು.”

ಅಪ್ಪ ತನ್ನ ತಂಗಿಯ ಬಗ್ಗೆ ನನ್ನ ಹತ್ತಿರ ಆಡಿದ್ದು ಅಷ್ಟೇ. ಮಿಕ್ಕಿದ್ದು ಆಮೇಲೆ ಅಜ್ಜಿ ಹೇಳಿ ತಿಳಿದದ್ದು: ಆ ಕಾಯಿಲೆಗೆ ಆಗಲೂ ಮನೆಯಲ್ಲಿ ಹೆಸರಿರಲಿಲ್ಲವಂತೆ. ಊರಿಗೆ ಬಂದು ಕುರು ಎಂದೇ ಹೇಳಿದರಂತೆ. ನನ್ನಂಥ ಹೆಣ್ಣುಮಕ್ಕಳು ಮನೆಯಲ್ಲಿ ಬೆಳೆಯುತ್ತಿದ್ದಾರೆ ಎಂದು.

ಸೂಜಿ ಚುಚ್ಚುವಾಗ ಆದ ನೋವು ನೆನಪಿಲ್ಲ. ಹೊರಗಿನ ಸಾಲು ನೆನಪಿದೆ. ತಲೆಗೆ ಬಟ್ಟೆ ಕಟ್ಟಿಕೊಂಡ ಹೆಂಗಸೊಬ್ಬಳು, ನನ್ನಷ್ಟೇ ವಯಸ್ಸಿನವಳು, ಡಬ್ಬಿ ತೆಗೆದು ಚಿತ್ರಾನ್ನ ತಿನ್ನುತ್ತಿದ್ದಳು. ನನ್ನನ್ನು ನೋಡಿ ಸ್ವಲ್ಪ ಜರುಗಿ ಜಾಗ ಮಾಡಿದಳು. ನಾನು ಕೂರಲಿಲ್ಲ. ಕೂತರೆ ಆ ಸಾಲಿನವಳಾಗಿಬಿಡುತ್ತೇನೆ ಅನ್ನಿಸಿತು.

ಫಲಿತಾಂಶಕ್ಕೆ ಕಾಯಬೇಕಿತ್ತು. ಹೊಸಕೋಟೆಯವರಿಗೆ ಅಪ್ಪ ಏನು ಹೇಳಿದನೋ, ಅವರು ಬರಲಿಲ್ಲ, ಆಮೇಲೂ ಬರಲಿಲ್ಲ. ಸಂಕ್ರಾಂತಿಗೆ ಅಮ್ಮ ಎಳ್ಳು ಬೆಲ್ಲ ಬೆರೆಸಿದಳು, ಬೀರಲು ನಾನು ಹೋಗಲಿಲ್ಲ. ರಜೆಯ ಆ ದಿನಗಳಲ್ಲಿ ಒಂದು ಮಧ್ಯಾಹ್ನ ನನ್ನ ಟ್ರಂಕು ತೆರೆದು ರವಿಕೆಗಳನ್ನೆಲ್ಲ ಹಾಸಿಗೆಯ ಮೇಲೆ ಹಾಕಿಕೊಂಡು ಕೂತಿದ್ದೆ. ನಮ್ಮಲ್ಲಿ ಪಿತೃಪಕ್ಷದಲ್ಲಿ ತೀರಿಕೊಂಡವರಿಗೆ ಎಡೆ ಇಡುತ್ತಾರೆ. ಅತ್ತೆ ಮುತ್ತೈದೆಯಾಗಿ ಹೋದವಳು. ಹಾಗಾಗಿ ಅವಳ ಎಡೆಯ ಪಕ್ಕ ಬಳೆ, ಕುಂಕುಮ, ಒಂದು ರವಿಕೆ ಕಣ. ಮಾರನೆಯ ದಿನ ಆ ಕಣ ಮನೆಯ ಹೆಣ್ಣುಮಗಳಿಗೆ. ನಾನು ದೊಡ್ಡವಳಾದಾಗಿನಿಂದ ಪ್ರತಿ ವರ್ಷವೂ ಅವಳ ಎಡೆಯ ಬಟ್ಟೆಯಲ್ಲಿ ನನ್ನ ಅಳತೆಯ ರವಿಕೆ ಹೊಲಿಸಿದ್ದಾರೆ. ಹಸಿರು, ಕೆಂಪು, ಅರಿಶಿನ ಬಣ್ಣ. ಅಂದು ಅವುಗಳನ್ನು ನೋಡುತ್ತಾ ನನಗೆ ಬಂದ ಯೋಚನೆಯನ್ನು ಓದು ಬಲ್ಲ ಯಾರೂ ಯೋಚಿಸಬಾರದು. ಬಟ್ಟೆಯಿಂದ ಕಾಯಿಲೆ ಬರುವುದಿಲ್ಲ ಎಂದು ಗೊತ್ತಿದ್ದೂ ಒಂದೊಂದನ್ನೇ ಮಡಿಸಿ ಟ್ರಂಕಿನ ತಳಕ್ಕೆ ಹಾಕಿದೆ.

ಅಜ್ಜಿ ಮಲಗುವುದನ್ನೇ ಬಿಟ್ಟಳು. ನಾನೂ ಮಲಗುತ್ತಿರಲಿಲ್ಲವಾದ್ದರಿಂದ ನನಗದು ಗೊತ್ತು. ನನ್ನ ಮಂಚದ ಪಕ್ಕ ಚಾಪೆಯ ಮೇಲೆ ಗೋಡೆಗೊರಗಿ ಕೂತಿರುತ್ತಿದ್ದಳು. ವಿಮಾನವೊಂದು ಮನೆ ಮೇಲೆ ಹೋದರೆ “ಇದೆಷ್ಟು ಜನ ಹೊತ್ಕೊಂಡೋಯ್ತದೋ” ಎನ್ನುತ್ತಿದ್ದಳು. ಅಷ್ಟೇ ಮಾತು.

ಫಲಿತಾಂಶ ಬಂದ ದಿನ ದೇವನಹಳ್ಳಿಯ ಡಾಕ್ಟರು ಕಾಗದ ಓದಿ ಮೊದಲು ನನ್ನ ಕೈ ಹಿಡಿದರು. ಆಗ ನನ್ನ ಕಿವಿ ಮುಚ್ಚಿಹೋಯಿತು. ಅವರು ಎರಡನೇ ಸಲ ಹೇಳಿದ್ದಷ್ಟೇ ಕೇಳಿಸಿತು. ಕೆಟ್ಟ ಗಂಟಲ್ಲ. ನನ್ನ ವಯಸ್ಸಿನ ಹುಡುಗಿಯರಿಗೆ ಬರುವ ಗಂಟು. ಬೆರಳಿಗೆ ಸಿಗದೆ ಜಾರುವುದು ಅದರ ಗುಣ. ಕಂಕುಳಿನದು ಸುಣ್ಣದ ಗಾಯದಿಂದ ಬಂದದ್ದು, ಆಗಲೇ ಇಳಿಯುತ್ತಿತ್ತು. ಆದರೂ ಮನೆಯಲ್ಲಿ ಒಬ್ಬರಿಗೆ ಆಗಿರುವುದರಿಂದ ಆರು ತಿಂಗಳಿಗೆ ಮತ್ತೆ ಬರಬೇಕು, ಎಂದೂ ಉದಾಸೀನ ಮಾಡಬಾರದು ಎಂದರು. ಅಮ್ಮ ಅಲ್ಲೇ, ಡಾಕ್ಟರ ಮೇಜಿಗೆ ಹಣೆಯಿಟ್ಟು ಅತ್ತಳು.

ಅಜ್ಜಿ ಅಳಲಿಲ್ಲ. ಬೆಂಚಿನಿಂದ ಎದ್ದು ಬಂದು ಕೇಳಿದಳು:

“ಅವ್ವಾ, ಒಂದ್ ಮಾತು. ನನ್ ಮಗಳ್ನ ಅವತ್ತೇ ಕರ್ಕೊಂಡ್ಬಂದಿದ್ರೆ? ಕಾಳಷ್ಟಿದ್ದಾಗ? ಉಳೀತಿದ್ಲಾ?”

ಡಾಕ್ಟರು ಕಾಗದ ಮಡಿಸಿದರು. ಮತ್ತೆ ಬಿಚ್ಚಿದರು. “ಹೇಳಕ್ಕಾಗಲ್ಲ ಅಜ್ಜಿ” ಎಂದರು. ಅಜ್ಜಿಯ ಮುಖ ನೋಡಿ, “ಉಳೀಬಹುದಿತ್ತು” ಎಂದರು.

ಅಜ್ಜಿ ತಲೆಯಾಡಿಸಿದಳು. ಬಸ್‌ಸ್ಟಾಪಿನವರೆಗೆ ನನ್ನ ತೋಳು ಹಿಡಿದುಕೊಂಡೇ ನಡೆದಳು. ಆ ಡಾಕ್ಟರು ಇಲ್ಲ ಎಂದು ಹೇಳಿಬಿಡಬಹುದಿತ್ತಲ್ಲ ಎಂದು ನನಗೆ ಬಹಳ ದಿನ ಸಿಟ್ಟಿತ್ತು. ಈಗ ಇಲ್ಲ. ಕುರು ಎಂಬ ಒಂದು ಸುಳ್ಳಿನ ಜೊತೆ ಅಜ್ಜಿ ಅಷ್ಟು ವರ್ಷ ಬದುಕಿದ್ದಳು. ಇನ್ನೊಂದನ್ನು ಕೊಟ್ಟಿದ್ದರೆ ಅವಳು ನಂಬುತ್ತಿರಲಿಲ್ಲ.

ಕೆಟ್ಟದ್ದಲ್ಲ ಎಂದು ಗೊತ್ತಾದ ಮೇಲೂ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಇರುವೆ ಕಾಣುತ್ತಿದ್ದವು. ಅಮ್ಮ ಅಂದು ಕೈ ತೊಳೆದು ಡಬ್ಬಿ ಮುಟ್ಟಿದ್ದರೆ? ಗಂಟು ಅತ್ತೆಯದ್ದೇ ಆಗಿದ್ದರೆ? ಸಂಕ್ರಾಂತಿ ಕಳೆಯಲಿ ಎಂದು, ಆಮೇಲೆ ಮದುವೆ ಕಳೆಯಲಿ ಎಂದು, ಎಲೆಯ ಮೇಲೆ ಎಲೆ ಅಂಟಿಸಿಕೊಂಡು ನಾನೂ ಒಂದು ದಿನ ಸೆರಗು ಹೊದ್ದು ಬಸ್ಸಿನಲ್ಲಿ ನಿಂತು ಬರುತ್ತಿದ್ದೆ. ಈ ಯೋಚನೆಗೆ ಇವತ್ತಿಗೂ ಕೊನೆಯಿಲ್ಲ. ಶುರುವಾದರೆ ಆ ಬಸ್ಸಿನವರೆಗೂ ಹೋಗಿಯೇ ನಿಲ್ಲುತ್ತದೆ.

ಆರು ತಿಂಗಳ ಪರೀಕ್ಷೆಯಲ್ಲಿ ಗಂಟು ಇದ್ದಷ್ಟೇ ಇತ್ತು. ಅದಾದ ಮೇಲೆ ಪಿತೃಪಕ್ಷ ಬಂತು. ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಂದಕ್ಕೆ ಮಾಡಿ ಎಲ್ಲರೂ ಹೊರಗೆ ನಿಲ್ಲುವುದು ವಾಡಿಕೆ. ಒಳಗೆ ಯಾರೂ ಇರಬಾರದು. ಆ ವರ್ಷ ಅಜ್ಜಿ ಹೊರಗೆ ಬರಲಿಲ್ಲ.

“ಬಾರವ್ವ, ಬಾಗ್ಲು ಹಾಕ್ಬೇಕು” ಎಂದ ಅಪ್ಪ.

“ಹಾಕೋ. ನಾನಿಲ್ಲೇ ಇರ್ತೀನಿ.”

“ಹಿರಿಯರು ಬರಲ್ಲ ಅಂತಾರೆ ಕಣವ್ವ, ಯಾರಾದ್ರೂ ಇದ್ರೆ.”

“ನಾನೂ ಹಿರಿಯೋಳೇ ಕಣ್ಲಾ. ಹಾಕು.”

ಅಪ್ಪ ಬಾಗಿಲು ಎಳೆದ. ನಾವು ಜಗುಲಿಯಲ್ಲಿ ನಿಂತೆವು. ಒಳಗಿನಿಂದ ಅಜ್ಜಿಯ ದನಿ, ಊಟಕ್ಕೆ ಕೂತ ಮಗಳ ಪಕ್ಕದಲ್ಲಿ ಕೂತು ಮಾತಾಡಿದಷ್ಟು ಮೆಲ್ಲಗೆ ಬರುತ್ತಿತ್ತು. “ಹಿತಕಿದ ಅವರೆ ಈಗ ಸಿಗಲ್ಲ ಕಣವ್ವ, ಕಾಯಿ ಬಂದಿಲ್ಲ, ಇದ್ನೇ ಉಣ್ಣು” ಎಂದಳು. ಆಮೇಲೆ, “ಇವಳ್ನ ಬೇಗ ಕರ್ಕೊಂಡೋದೆ. ನಿನ್ನ ಕರ್ಕೊಂಡೋಗ್ಲಿಲ್ಲ. ಕ್ಯಾನ್ಸರು ಅಂತಿತ್ತು ಕಣವ್ವ ಅದು. ಕುರು ಅಲ್ಲ.”

ಅಮ್ಮ ನನ್ನ ಕೈ ಹಿಡಿದುಕೊಂಡಳು. ಅಪ್ಪ ಬೀದಿ ಕಡೆ ತಿರುಗಿ ನಿಂತ.

ಬಾಗಿಲು ತೆಗೆದು ಹೊರಗೆ ಬಂದ ಅಜ್ಜಿಯ ಕೈಯಲ್ಲಿ ರವಿಕೆ ಕಣವಿತ್ತು, ಕನಕಾಂಬರದ ಬಣ್ಣದ್ದು. ಮಾರನೆಯ ದಿನದವರೆಗೂ ಕಾಯಲಿಲ್ಲ. ನಾನು ಕೈ ಚಾಚಲು ತಡಮಾಡಿದ್ದು ಅವಳಿಗೆ ಕಂಡಿತು.

“ತಗೋ. ಹೊಲಿಸ್ಕೊ” ಎಂದಳು. “ಅವಳೇನು ಕೆಟ್ಟೋಳಲ್ಲ.”

ತೆಗೆದುಕೊಂಡೆ.

ಮರುದಿನ ಬೆಳಿಗ್ಗೆ ನನ್ನನ್ನು ಎಬ್ಬಿಸಿದ್ದು ಕ್ಯಾಬಿನ ಹಾರನ್ನು. ಗೋಡೆಯ ಮೇಲೆ ಬೆಳಕಿತ್ತು. ಅಮ್ಮ ಕೂಗಿರಲಿಲ್ಲ, ಅವಳೂ ಮಲಗಿದ್ದಳು. ಹಂಡೆಗೆ ಯಾರೂ ಉರಿ ಹಾಕಿರಲಿಲ್ಲ. ಚಾಪೆಯ ಮೇಲೆ ಅಜ್ಜಿ ಗೋಡೆ ಕಡೆ ಮುಖ ಮಾಡಿ ಉದ್ದಕ್ಕೆ ಮಲಗಿದ್ದಳು. ಅವಳು ಹಾಗೆ ಮಲಗಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತೆಂದರೆ ನನಗೆ ಭಯವಾಯಿತು. ಬಗ್ಗಿ ಬೆನ್ನ ಮೇಲೆ ಕೈಯಿಟ್ಟೆ. ಬೆಚ್ಚಗಿತ್ತು, ಏರಿಳಿಯುತ್ತಿತ್ತು.

ಹಾರನ್ನು ಮತ್ತೊಮ್ಮೆ ಕೂಗಿತು.

“ಇನ್ನೊಂಚೂರು ತಾಳು ಅನ್ನೇ ಅವನ್ಗೆ” ಎಂದಳು ಅಜ್ಜಿ, ಕಣ್ಣು ತೆರೆಯದೆ.